ಬೇಳೆ ಬೇಯುವ ನೀರಿನ ದಾರಿ

ಹಳ್ಳವನ್ನು ಕೆಳತುದಿಯಿಂದ ಮೇಲಕ್ಕೆ ತೋಡಿಕೊಂಡು ಹೋಗಬೇಕೆಂದು ಹಟ ಹಿಡಿದವಳು ನಾನೇ. ಕೆಲಸ ಮೇಲಿನಿಂದ, ಹಳ್ಳದ ತಲೆಯಲ್ಲಿರುವ ಇಂಗುಕೆರೆಯ ಕೋಡಿಯಿಂದ ಶುರುವಾಗಬೇಕೆಂದು ಅಂದಾಜುಪಟ್ಟಿಯಲ್ಲಿ ಬರೆದಿತ್ತು. ಅದು ಬದಲಾದದ್ದು ನನ್ನ ಮಾತಿನಿಂದ. ಆದ್ದರಿಂದ ಮುಂದೆ ನಡೆದದ್ದನ್ನು ಬರೆದಿಡುವ ಹೊಣೆಯೂ ನನ್ನದೇ ಎಂದು ತಿಳಿದಿದ್ದೇನೆ. ಊರಿನಲ್ಲಿ ಈಗ ಇದೇ ಸಂಗತಿಯನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ. ಅವರ ಕತೆಯಲ್ಲಿ ನನ್ನ ತಪ್ಪು ಇಲ್ಲ. ಆ ಕತೆಯ ಮೇಲೆ ನನಗೆ ನಂಬಿಕೆ ಬಾರದಿರುವುದಕ್ಕೆ ಅದೊಂದೇ ಕಾರಣ ಸಾಕು.

ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನಲ್ಲಿ ಬಸ್ಸು ಇಳಿದು ಒಳಗೆ ನಡೆದು ಬರುವಷ್ಟು ದೂರದಲ್ಲಿ ನಮ್ಮ ಊರಿದೆ. ಪಶ್ಚಿಮಕ್ಕೆ ಕೆಂಪು ಜಂಬಿಟ್ಟಿಗೆಯ ಮಾಳ, ಪೂರ್ವಕ್ಕೆ ಎರೆಭೂಮಿ. ಇವೆರಡರ ನಡುವಿನ ತಗ್ಗಿನಲ್ಲಿ ಹಳ್ಳ. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ತೆಳ್ಳನೆಯ ನೀಲಿ ಗೆರೆಯಿದೆ ಅಷ್ಟೆ. ಮಳೆಗಾಲದಲ್ಲಿ ಎದೆಮಟ್ಟ ಬಂದು ಎರಡು ದಿನಕ್ಕೆ ಮೊಣಕಾಲಿಗೆ ಇಳಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮೇಲೆ ಹರಿಯುವುದು ನಿಂತು ಮರಳಿನೊಳಗೆ ಅಡಗುತ್ತದೆ. ಆಗ ಹೆಂಗಸರು ಮರಳಿನಲ್ಲಿ ಮೊಳದಾಳದ ಗುಂಡಿ ತೋಡುತ್ತಾರೆ. ಅದನ್ನು ವರ್ತಿ ಎನ್ನುತ್ತೇವೆ. ಮೊದಲು ಒಸರುವ ಕಲಕು ನೀರನ್ನು ಚೆಲ್ಲಿ, ತಿಳಿಯಾದ ಮೇಲೆ ಚರಿಗೆಯಿಂದ ಗೋರಿ ಕೊಡ ತುಂಬುತ್ತಾರೆ. ಓಣಿಗೊಂದು ವರ್ತಿ. ಮೇಲಿನ ಓಣಿಗಳದು ಮೇಲೆ. ನಮ್ಮ ಓಣಿಯದು ಎಲ್ಲಕ್ಕಿಂತ ಕೆಳಗೆ, ನೇರಳೆ ಮರದ ತಿರುವಿನಲ್ಲಿ. ಹಾಗೇಕೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನಲ್ಲಿ ಕೊಳವೆಬಾವಿಯ ನಲ್ಲಿ ಇಲ್ಲವೆಂದಲ್ಲ. ಆದರೆ ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಎಷ್ಟು ಕುದಿಸಿದರೂ ಬೇಳೆ ಇಡಿಯಾಗಿ ಉಳಿದು ಮೇಲೆ ನೀರು ಬೇರೆಯಾಗಿ ನಿಲ್ಲುತ್ತದೆ. ಹೀಗಾಗಿ ಸ್ನಾನಕ್ಕೆ, ದನಗಳಿಗೆ ನಲ್ಲಿ. ಬೇಳೆಗೆ ಮತ್ತು ಕುಡಿಯಲಿಕ್ಕೆ ವರ್ತಿ. ಶಾಲೆಯ ಬಿಸಿಯೂಟಕ್ಕೂ ಬೇಸಿಗೆಯಲ್ಲಿ ವರ್ತಿಯ ನೀರೇ. ಅಲ್ಲಿ ಅಡುಗೆ ಮಾಡುವಾಕೆ ನನ್ನ ಗೆಳತಿ. ಬೆಳಗಾಗುತ್ತಲೇ ನಾಲ್ಕು ಸಲ ಹಳ್ಳಕ್ಕೆ ಹೋಗಿಬರುತ್ತಾಳೆ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆಮೇಲಿನ ಓದೆಲ್ಲ ನಮ್ಮ ಓಣಿಯ ಬುದ್ಧವಿಹಾರದ ಕಪಾಟಿನಿಂದ ಬಂದದ್ದು. ಅಲ್ಲಿದ್ದ ಮಣ್ಣು-ನೀರಿನ ಕೈಪಿಡಿಗಳನ್ನು ಹರಿಯುವಷ್ಟು ಸಲ ಓದಿದ್ದೇನೆ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಮೂವತ್ತು ಜನರ ತಂಡಕ್ಕೆ ಮೇಟ್ ಆಗಿದ್ದೆ. ಹಾಜರಿ ಹಿಡಿಯುವುದು, ಸುಣ್ಣದ ಗೆರೆ ಹಾಕುವುದು, ತೋಡಿದ್ದನ್ನು ಅಳೆಯಿಸುವುದು ನನ್ನ ಕೆಲಸ. ಎರಡು ವರ್ಷಗಳ ಹಿಂದೆ, ಬೇಸಿಗೆಗೆ ಮುನ್ನ, ಹಳ್ಳದ ಹೂಳೆತ್ತುವ ಕೆಲಸ ನಮ್ಮ ತಂಡಕ್ಕೆ ಬಂತು. ದಂಡೆಯ ಪೊದೆ ಕಡಿದು, ತಳವನ್ನು ಒಂದು ಮೀಟರ್ ಆಳಕ್ಕೆ ಇಳಿಸಬೇಕು. ಆಳವಾದಷ್ಟೂ ನೀರು ನಿಲ್ಲುತ್ತದೆ ಎಂಬುದು ಯೋಜನೆಯ ತಿರುಳು.

ಕಿರಿಯ ಇಂಜಿನಿಯರರು ಹುಮನಾಬಾದಿನಿಂದ ಮೋಟಾರ್ ಸೈಕಲ್ಲಿನ ಮೇಲೆ ಬಂದಿದ್ದರು. ವಯಸ್ಸು ನನ್ನ ಮಗನಿಗಿಂತ ಕಡಿಮೆ, ಒಳ್ಳೆಯ ಮನುಷ್ಯ.

"ಆಯಿ, ಮ್ಯಾಲಿಂದ ಶುರು ಮಾಡ್ಬೇಕಂತ ಬರ್ದದ್ರಿ. ಕೆರಿ ನೀರು ಕೆಳಗ ವರ್ತಿಗಿ ಬರ್ಲಾಕ ದಾರಿ ಆಗ್ತದ."

"ವರ್ತಿಗಿ ಬರೂದು ಕೆರಿ ನೀರಂತ ಯಾರ್ ಹೇಳ್ಯಾರ್ರಿ ಸಾಹೇಬ್ರ?"

"ಎಲ್ಲಾರೂ ಹೇಳ್ತಾರಲ್ರಿ."

"ಎಲ್ಲಾರೂ ಹೇಳಿದ್ದು ನೀರಿಗಿ ಕೇಳಸ್ತದೇನ್ರಿ?"

ಅವರು ನಕ್ಕರು. ನಾನು ನಗಲಿಲ್ಲ. ನನ್ನ ಅನುಮಾನಕ್ಕೆ ಆಧಾರವಿತ್ತು. ಮೇಲಿನ ಇಂಗುಕೆರೆಗೆ ಹತ್ತಿರವಿರುವ ವರ್ತಿಗಳು ಪ್ರತಿವರ್ಷ ಮೊದಲು ಬತ್ತುತ್ತಿದ್ದವು. ಎಲ್ಲಕ್ಕಿಂತ ದೂರವಿದ್ದ ನಮ್ಮ ಓಣಿಯ ವರ್ತಿ ಎಲ್ಲಕ್ಕಿಂತ ಕೊನೆಗೆ. ನೀರು ಕೆರೆಯಿಂದ ಬರುತ್ತಿದ್ದರೆ ಹೀಗಾಗುವುದು ಹೇಗೆ? ಈ ಸಂಗತಿ ನಮ್ಮ ಓಣಿಯವರಿಗೆ ಮಾತ್ರ ಗೊತ್ತಿತ್ತು, ಏಕೆಂದರೆ ಬೇರೆಯವರು ಯಾರೂ ನಮ್ಮ ವರ್ತಿಯನ್ನು ಬಗ್ಗಿ ನೋಡುತ್ತಿರಲಿಲ್ಲ.

ಆದರೆ ನಾನು ಅನುಮಾನವನ್ನು ಅದರ ಕೊನೆಯವರೆಗೆ ಹಿಂಬಾಲಿಸಲಿಲ್ಲ. ನೀರು ಕೆರೆಯದಲ್ಲವಾದರೆ ಎಲ್ಲಿಯದು ಎಂದು ಕೇಳಿಕೊಳ್ಳುವ ಬದಲು, ಮೇಲಿನಿಂದ ಏಕೆ ಶುರು ಮಾಡಬೇಕು ಎಂದು ವಾದಕ್ಕಿಳಿದೆ. ಎರೆಹೊಲದಲ್ಲಿ ಬಸಿಗಾಲುವೆ ತೋಡುವವರು ಯಾವಾಗಲೂ ತಗ್ಗಿನ ತುದಿಯಿಂದ ಮೇಲಕ್ಕೆ ಬರುತ್ತಾರೆ. ಹಾಗೆ ಮಾಡಿದರೆ ಅಗೆಯುವ ಜಾಗದ ನೀರು ಹಿಂದಕ್ಕೆ ಹರಿದುಹೋಗಿ ಕಾಲಡಿ ಒಣಗಿರುತ್ತದೆ. ನಮ್ಮ ತಂಡದವರೆಲ್ಲ ಅದೇ ಕೈಪಳಗಿನವರು. ಹಳ್ಳಕ್ಕೂ ಅದೇ ನಿಯಮವೆಂದು ನಾನು ಪಟ್ಟು ಹಿಡಿದೆ. ಇಂಜಿನಿಯರರು ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಬರೆದುಕೊಂಡು ಒಪ್ಪಿದರು. ನೀರನ್ನು ಹೊರಗೆ ಕಳಿಸಲು ಕಂಡುಕೊಂಡ ವಿಧಾನವನ್ನು ನೀರು ಉಳಿಸುವ ಕೆಲಸಕ್ಕೆ ತಂದೆನೆಂಬುದು ಆಗ ನನಗೆ ಹೊಳೆಯಲಿಲ್ಲ.

ಕೆಲಸ ನೇರಳೆ ಮರದ ತಿರುವಿನಿಂದ ಶುರುವಾಯಿತು. ಮೊದಲ ಎರಡು ದಿನ ದಂಡೆಯ ಲಕ್ಕಿಗಿಡ, ತಳದ ಆಪು ಹುಲ್ಲು ಕಡಿದೆವು. ಆಪಿನ ಬೇರುಗಳ ನಡುವೆ ನಿಂತ ಚೂರು ನೀರಿನಲ್ಲಿ ಬೆರಳುದ್ದದ ಮೀನು, ಬಸವನಹುಳು, ಕೊಡತಿಯಂಥ ದಪ್ಪ ತಲೆಯ ಗೊದಮೊಟ್ಟೆಗಳು. ತಂಡದಲ್ಲಿ ಏಡಿ ಹಿಡಿಯುವ ಚಟದವನೊಬ್ಬನಿದ್ದ. ಗುದ್ದಲಿ ಕೆಳಗಿಟ್ಟು ಬಿಲಗಳಿಗೆ ಕೈ ಹಾಕುವುದೇ ಅವನ ಕೆಲಸವಾಗಿತ್ತು.

"ಅಕ್ಕಾ, ಇಲ್ಲಿ ನೋಡು. ಬಿಲ ಎಲ್ಲಾ ಮಾಳದ ಕಡಿ ದಂಡಿಗೇ ಅವ. ಈ ಎರಿ ಕಡಿ ದಂಡಿಗಿ ಒಂದೂ ಇಲ್ಲ. ಏಡಿಗೂ ವಾಸ್ತು ನೋಡೂರು ಬಂದಾರೇನ?"

"ನಿನ್ನ ಹಾಜರಿ ಏಡಿ ಪುಸ್ತಕದಾಗ ಹಾಕ್ಲೇನು? ಮದಲ ಗುದ್ಲಿ ಹಿಡಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಏಡಿ ತೇವವಿರುವ ಕಡೆಗೇ ಬಿಲ ತೋಡುತ್ತದೆ ಎಂಬುದು ಎಂಟು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಐದನೆಯ ದಿನ ಮರಳು ಮತ್ತು ಕಪ್ಪು ಹೂಳು ಮುಗಿದು, ಬಿಳಿಚಿದ ಜೇಡಿಯ ಪದರ ಸಿಕ್ಕಿತು. ಗುದ್ದಲಿ ಹಾಕಿದರೆ ಅಂಟಿನಲ್ಲಿ ಸಿಕ್ಕಿದಂತೆ ಸಿಕ್ಕುತ್ತಿತ್ತು, ಎಳೆದರೆ ಬರುತ್ತಿರಲಿಲ್ಲ. ಒಂದು ಮೀಟರ್ ಇನ್ನೂ ಆಗಿರಲಿಲ್ಲ. "ಇಲ್ಲಿಗಿ ಬಿಡೂಣ" ಎಂದು ಒಬ್ಬಿಬ್ಬರು ಅಂದರು. ಅಳತೆಗೆ ಕಡಿಮೆ ಬಿದ್ದರೆ ತಂಡದ ಮಾನ ಹೋಗುತ್ತದೆಂದು ನಾನು ಬಿಡಲಿಲ್ಲ. ಎರಡು ದಿನ ಹಾರೆಯಿಂದ ಮೀಟಿ ಜೇಡಿಯನ್ನು ತೆಗೆಸಿದೆ. ಅದರ ಕೆಳಗೆ ಸೀಳುಬಿಟ್ಟ ಕರಿಕಲ್ಲು ಕಂಡಿತು. ಅದೇ ಮಧ್ಯಾಹ್ನ ಪಶ್ಚಿಮದ ದಂಡೆಯಿಂದ ನೀರು ಬಳಬಳನೆ ಇಳಿದು ಸಂಜೆಗೆ ಗುಂಡಿ ಮೊಣಕಾಲುದ್ದ ತುಂಬಿತು.

ಆ ಸಂಭ್ರಮವನ್ನು ಮುಚ್ಚಿಟ್ಟರೆ ಸುಳ್ಳು ಬರೆದಂತಾಗುತ್ತದೆ. ಯಾರೋ ತೆಂಗಿನಕಾಯಿ ತಂದರು. ಇಂಜಿನಿಯರರು ಬಂದು ನನ್ನನ್ನು ನೀರಿನ ಬದಿಯಲ್ಲಿ ನಿಲ್ಲಿಸಿ ಫೋಟೋ ತೆಗೆದರು. "ಆಯಿ, ನೀವ್ ಹೇಳಿದ್ದೇ ಖರೆ ಆಯ್ತು ನೋಡ್ರಿ" ಎಂದರು. ನನಗೆ ಹಿತವಾಗಿತ್ತು. ಮರುದಿನ ಮೇಲಿನ ಭಾಗಕ್ಕೆ ಸುಣ್ಣದ ಗೆರೆ ಹಾಕಿದೆವು. ಆಮೇಲೆ ಒಂದು ಮದುವೆ, ಒಂದು ಸಾವು. ಎರಡು ವಾರಕ್ಕೂ ಹೆಚ್ಚು ಕೆಲಸ ನಿಂತಿತು.

ನೀರು ಬಂದ ಎಂಟನೆಯ ದಿನಕ್ಕೆ ಗುಂಡಿಯಲ್ಲಿ ಕೆಸರು ಮಾತ್ರವಿತ್ತು. ಹತ್ತನೆಯ ದಿನಕ್ಕೆ ಕೆಸರೂ ಬಿರಿದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಎಲ್ಲಕ್ಕಿಂತ ಕೊನೆಗೆ ಬತ್ತುತ್ತಿದ್ದ ನಮ್ಮ ಓಣಿಯ ವರ್ತಿ ಎಲ್ಲಕ್ಕಿಂತ ಮೊದಲು ಬತ್ತಿತು. ನಾನು ಗಂಟು ಹಾಕಿದ ಹಗ್ಗವನ್ನು ಉಳಿದ ವರ್ತಿಗಳಿಗೆ ಇಳಿಸಿ ದಿನಾ ಬೆಳಿಗ್ಗೆ ಬರೆದಿಡತೊಡಗಿದೆ. ನೀರು ದಿನಕ್ಕೆ ಒಂದು ಬೆರಳಿನಷ್ಟು ಇಳಿಯುತ್ತಿತ್ತು.

ಹದಿನಾಲ್ಕನೆಯ ದಿನ ಶಾಲೆಯ ಅಡುಗೆಯಾಕೆ ಹಳ್ಳದ ದಂಡೆಗೆ ಬಂದು ನಿಂತಳು. ಅವಳ ಕೈಯಲ್ಲಿ ಬೇಳೆಯ ಪಾತ್ರೆ.

"ಯಕ್ಕಾ, ಇವತ್ತ ಹುಡುಗ್ರು ಸಾರು ಉಣ್ಣಲಿಲ್ಲ, ಕಡದ್ರು. ನಲ್ಲಿ ನೀರಾಗ ಕುದಸೀನಿ. ಎರಡ ತಾಸು ಉರಿ ಹಾಕೀನಿ. ನೋಡಿಲ್ಲಿ, ಹಲ್ಲಿಗಿ ಹಿಡಿತಾವ."

"ಜರಾ ಸೋಡಾ ಹಾಕಿದ್ರ..."

"ಸೋಡಾ ಹಾಕಿದ್ ಬ್ಯಾಳಿ ನಿನ್ನ ಮೊಮ್ಮಕ್ಕಳಿಗಿ ನೀ ಉಣಸ್ತಿ ಏನು? ಹೊಟ್ಟಿ ಉಬ್ಬಿ ಸಾಯ್ಲಿ ಅಂತಿ?" ಅವಳ ದನಿ ಏರಿತು, ಮರುಕ್ಷಣವೇ ಇಳಿಯಿತು. "ಕೆಲವು ಹುಡುಗುರಿಗಿ ದಿನದಾಗ ಅದೊಂದೇ ಊಟ ಯಕ್ಕಾ. ಅನ್ನ ಉಂಡು ಬ್ಯಾಳಿ ಚೆಲ್ಲಾಕತ್ತಾವ. ನಾ ಯಾರಿಗಿ ಹೇಳ್ಲಿ?"

ನಾನು ಗುಂಡಿಗಿಳಿದೆ.

ಅಗೆಯುವಾಗ ನಡುವೆ ಒಂದು ಕಡೆ ಮಣ್ಣನ್ನು ಮುಟ್ಟದೆ ಕಂಬದಂತೆ ಬಿಡುವುದು ನಮ್ಮ ಕೆಲಸದ ಪದ್ಧತಿ. ಎಷ್ಟು ಆಳ ತೋಡಿದ್ದಾರೆಂದು ಅಳೆಯುವವರಿಗೆ ಅದರಿಂದ ತಿಳಿಯುತ್ತದೆ. ಅದನ್ನು ಸಾಕ್ಷಿ ಎನ್ನುತ್ತೇವೆ. ಅಲ್ಲಿಯವರೆಗೆ ನಾನು ಸಾಕ್ಷಿಯ ಎತ್ತರವನ್ನಷ್ಟೇ ನೋಡಿದ್ದೆ. ಅಂದು ಅದರ ಮೈಯನ್ನು ನೋಡಿದೆ. ಮೇಲೆ ಮರಳು, ಅದರ ಕೆಳಗೆ ಹೂಳು, ಆಮೇಲೆ ಬಿಳಿ ಜೇಡಿ, ಕೊನೆಗೆ ಕಲ್ಲು. ಮರಳಿನ ಕೆಳಮೈಯಲ್ಲಿ, ಜೇಡಿಗೆ ತಾಗುವಲ್ಲಿ, ತುಕ್ಕಿನ ಬಣ್ಣದ ಗೆರೆಯಿತ್ತು. ವರ್ಷಾನುವರ್ಷ ನೀರು ಅದೇ ಮಟ್ಟದಲ್ಲಿ ಹರಿದ ಗುರುತು ಅದು. ಮಾಳದ ಕೆಂಪು ಮಣ್ಣಿನ ಬಣ್ಣ. ಜೇಡಿಯ ಒಳಗೆ ಆ ಬಣ್ಣ ಇಳಿದಿರಲಿಲ್ಲ. ಅಂದರೆ ಜೇಡಿ ಪಾತ್ರೆಯ ತಳವಾಗಿತ್ತು. ಆ ತಳವನ್ನು ನಾನು ಹಾರೆಯಿಂದ ಮೀಟಿ ಒಡೆಸಿದ್ದೆ. ನೀರು ಕಲ್ಲಿನ ಸೀಳುಗಳಲ್ಲಿ ಇಳಿದುಹೋಗುತ್ತಿತ್ತು.

ಇದು ನನ್ನ ಊಹೆ. ಬೇರೆಯವರ ಊಹೆಯನ್ನು ಒಪ್ಪದವಳು ನನ್ನದನ್ನು ಮಾತ್ರ ಹೇಗೆ ಒಪ್ಪಲಿ? ನೀರು ಮಾಳದಿಂದ ಬರುತ್ತಿತ್ತೇ, ಕೆರೆಯಿಂದಲೇ ಎಂಬುದನ್ನು ಮೊದಲು ಪರೀಕ್ಷಿಸಬೇಕಿತ್ತು. ನನ್ನ ಹತ್ತಿರ ಉಪಕರಣಗಳಿರಲಿಲ್ಲ. ಅಡುಗೆಯಾಕೆಯ ಪಾತ್ರೆ ನೋಡಿ ದಾರಿ ಹೊಳೆಯಿತು.

ರವಿವಾರ ಅವಳ ಹಿತ್ತಿಲಿನಲ್ಲಿ ಉದ್ದನೆಯ ಒಲೆ ತೋಡಿ ಒಂದೇ ಅಳತೆಯ ನಾಲ್ಕು ಗಡಿಗೆ ಇಟ್ಟೆವು. ಒಂದಕ್ಕೆ ನಲ್ಲಿಯ ನೀರು. ಒಂದಕ್ಕೆ ಇಂಗುಕೆರೆಯ ಏರಿಯ ಕೆಳಗಿನ ಬಾವಿಯದು, ಅದು ಕೆರೆಯಿಂದಲೇ ಬಸಿದ ನೀರೆಂಬುದರಲ್ಲಿ ಅನುಮಾನವಿಲ್ಲ. ಒಂದಕ್ಕೆ ಇನ್ನೂ ಜೀವವಿದ್ದ ಮೇಲಿನ ಓಣಿಯ ವರ್ತಿಯದು. ಕೊನೆಯದಕ್ಕೆ ಮಾಳದ ಅಂಚಿನಲ್ಲಿ, ಕೆಂಪು ಕಲ್ಲಿನ ಬುಡದಲ್ಲಿ ಹನಿಹನಿಯಾಗಿ ಜಿನುಗುವ ಒಸರಿನದು. ಆ ಒಂದು ಗಡಿಗೆ ತುಂಬಲು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿದ್ದೆ. ಒಂದೇ ಚೀಲದ ಬೇಳೆ, ಗಡಿಗೆಗೆ ಒಂದು ಲೋಟ, ತೊಗರಿ ಕಟ್ಟಿಗೆಯ ಒಂದೇ ಸಮನಾದ ಉರಿ.

ಒಲೆ ಹಚ್ಚುವ ಮುನ್ನ ಅಡುಗೆಯಾಕೆ ನನ್ನನ್ನು ತಡೆದಳು.

"ಅತ್ಲಾಕ ಮುಖ ಮಾಡಿ ಕುಂದ್ರು. ಗಡಗಿ ನಾ ಅದಲಿ ಬದಲಿ ಮಾಡಿ ಇಡ್ತೀನಿ."

"ಯಾಕ?"

"ನೀ ಜಿದ್ದಿ ಇದ್ದಿ. ಯಾವ ಗಡಗಿ ಯಾವದಂತ ಗೊತ್ತಾದ್ರ ನಿನಗ ಬೇಕಾದ್ದೇ ಕಾಣಸ್ತದ."

ಯಾವ ಕೈಪಿಡಿಯೂ ನನಗೆ ಇಷ್ಟು ನೇರವಾಗಿ ಪಾಠ ಹೇಳಿರಲಿಲ್ಲ. ಗೋಡೆಗೆ ಮುಖ ಮಾಡಿ ಕುಳಿತೆ. ನೀರು ಕುದಿ ಹತ್ತಿದ ಮೇಲೆ ಆಗಾಗ ಪ್ರತಿ ಗಡಿಗೆಯಿಂದ ನಾಲ್ಕು ಕಾಳು ತೆಗೆದು ಎರಡು ಬೆರಳಿನ ನಡುವೆ ಹಿಸುಕಿ ನೋಡಿದೆ. ಎರಡನೆಯ ಮತ್ತು ನಾಲ್ಕನೆಯ ಗಡಿಗೆಗಳಲ್ಲಿ ಬೇಳೆ ಹೆಚ್ಚುಕಡಿಮೆ ಒಟ್ಟಿಗೇ ಕರಗಿತು. ಉಳಿದೆರಡರಲ್ಲಿ ಕಟ್ಟಿಗೆ ತೀರಿದರೂ ಕಾಳಿನ ಒಳಗೆ ಗಟ್ಟಿ ಉಳಿದಿತ್ತು.

"ಎರಡನೇದು ವರ್ತಿದು," ಅವಳು ಹೇಳಿದಳು. "ನಾಲ್ಕನೇದು ಮಾಳದ ಒಸರ. ಮೂರನೇದು ಕೆರಿ ಬಾವಿದು, ಒಂದನೇದು ನಲ್ಲಿದು. ನಾ ಸುಳ್ಳು ಹೇಳಾಕತ್ತಿಲ್ಲ, ಗಡಗಿ ಕೊಳ್ಳಾಗ ದಾರ ಕಟ್ಟೀನಿ ನೋಡು."

ಮಾಳದ ಜಂಬಿಟ್ಟಿಗೆ ಮಳೆನೀರನ್ನು ಜರಡಿಯಂತೆ ಕುಡಿಯುತ್ತದೆ. ಅದು ನಿಧಾನವಾಗಿ ಕೆಳಗಿಳಿದು, ಜೇಡಿಯ ಮೇಲೆ ಜಾರಿಕೊಂಡು, ಹೊಲಗಳ ಅಡಿಯಿಂದ ಅಡ್ಡಡ್ಡ ಬಂದು ಹಳ್ಳಕ್ಕೆ ಸೇರುತ್ತಿತ್ತು. ಎರೆಮಣ್ಣಿನ ಸುಣ್ಣದ ಹರಳು ಮುಟ್ಟದೆ ಬಂದ ನೀರಾದ್ದರಿಂದ ಬೇಳೆ ಬೇಯುತ್ತಿತ್ತು. ನೇರಳೆಯ ತಿರುವು ಮಾಳಕ್ಕೆ ಅತಿ ಹತ್ತಿರವಾದ್ದರಿಂದ ನಮ್ಮ ವರ್ತಿ ಕೊನೆಗೆ ಬತ್ತುತ್ತಿತ್ತು. ಏಡಿಗಳು ಒಂದೇ ದಂಡೆಯಲ್ಲಿದ್ದದ್ದೂ ಅದಕ್ಕೇ. ಎಲ್ಲವೂ ಕಣ್ಣೆದುರಿಗಿತ್ತು. ಅಂದಾಜುಪಟ್ಟಿಯಂತೆ ಮೇಲಿನಿಂದ ತೋಡಿದ್ದರೆ, ಆ ತಿರುವನ್ನು ಮುಟ್ಟುವ ಮುನ್ನವಾದರೂ ನಮಗೆ ತಿಳಿಯಲು ಅವಕಾಶವಿರುತ್ತಿತ್ತು.

ಮರುದಿನ ಬೆಳಿಗ್ಗೆ ಮೂವತ್ತು ಜನ ಗುದ್ದಲಿ ಬುಟ್ಟಿ ಹಿಡಿದು ಮೇಲಿನ ಭಾಗದಲ್ಲಿ ಕಾಯುತ್ತಿದ್ದರು. ಇಂಜಿನಿಯರರೂ ಬಂದಿದ್ದರು. ನಾನು ಹಾಕಿದ ಸುಣ್ಣದ ಗೆರೆಯನ್ನು ನಾನೇ ಕಾಲಿನಿಂದ ಅಳಿಸಿದೆ. ನಡೆದದ್ದನ್ನೆಲ್ಲ ಹೇಳಿದೆ: ಕೆಳಗಿನಿಂದ ಶುರು ಮಾಡಿಸಿದ್ದು, ಬಿಡೋಣವೆಂದಾಗ ಬಿಡದೆ ಜೇಡಿ ಒಡೆಸಿದ್ದು. ಇನ್ನು ಮುಂದೆ ಒಂದು ಬುಟ್ಟಿ ಮಣ್ಣೂ ತೆಗೆಯಕೂಡದು, ತೆಗೆದದ್ದನ್ನು ಮುಚ್ಚಬೇಕು ಎಂದೆ.

ಹಿಂದಿನಿಂದ ಒಬ್ಬಳು, "ಈಕಿ ಒಮ್ಮಿ ತೋಡು ಅಂತಾಳ, ಒಮ್ಮಿ ಮುಚ್ಚು ಅಂತಾಳ. ನಮ್ಮ ನಡಾ ಏನು ಈಕಿ ಕೈಯಾಗಿನ ಸುತ್ತಿಗೀನಾ?" ಎಂದಳು. ಅವಳದು ನ್ಯಾಯವಾದ ಮಾತು.

ಇಂಜಿನಿಯರರು ನನ್ನನ್ನು ಪಕ್ಕಕ್ಕೆ ಕರೆದರು. "ಆಯಿ, ಮೊನ್ನಿ ತೋಡಿದ್ದು ನಾನೇ ಅಳದು ಬರ್ದೀನಿ. ಈ ವಾರ ಅದನ್ನೇ ಮುಚ್ಚೀವಿ ಅಂತ ಹ್ಯಾಂಗ ಬರೀಲಿ?"

"ತಪ್ಪಾಗ್ಯಾದ ಅಂತ ಬರೀರಿ."

"ಅದಕ್ಕ ಕಾಲಂ ಇಲ್ರಿ."

ಆದರೂ ಅವರು ಬಿಟ್ಟುಹೋಗಲಿಲ್ಲ. ಎರಡು ದಿನ ಕಚೇರಿಗೆ ಅಲೆದು, ಉಳಿದ ಕೆಲಸವನ್ನು ಹಳ್ಳದಿಂದ ಮಾಳದ ಇಳಿಜಾರಿಗೆ ಬದಲಾಯಿಸಿಕೊಂಡು ಬಂದರು. ಕೊರಕಲುಗಳಿಗೆ ಅಡ್ಡಲಾಗಿ ಸಣ್ಣ ಕಲ್ಲೊಡ್ಡು ಹಾಕುವುದು; ಮಳೆನೀರು ಅಲ್ಲಿಯೇ ತಡೆದು ಇಂಗುತ್ತದೆ. ತಂಡಕ್ಕೆ ಕೆಲಸ ಉಳಿಯಿತು. ಗುಂಡಿ ಮುಚ್ಚುವುದು ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ಅದನ್ನು ಬೆಳಿಗ್ಗೆ ಕೆಲಸಕ್ಕೆ ಮುನ್ನ ನಾವಾಗಿಯೇ ಮಾಡಬೇಕಾಯಿತು. ಮೊದಲ ದಿನ ಬಂದವರು ಹನ್ನೊಂದು ಜನ. ಏಡಿ ಹಿಡಿಯುವವನೂ, ಸೊಂಟದ ಮಾತೆತ್ತಿ ರೇಗಿದವಳೂ ಅವರಲ್ಲಿದ್ದರು.

ತೆಗೆದ ಮಣ್ಣನ್ನೇ ತಿರುಗಿ ತುಂಬಿ ತುಳಿದೆವು. ಪರೀಕ್ಷೆಗೆಂದು ನಲ್ಲಿಯಿಂದ ಇಪ್ಪತ್ತು ಕೊಡ ನೀರು ತಂದು ಸುರಿದೆ. ಊಟ ಮುಗಿಸಿ ಬರುವಷ್ಟರಲ್ಲಿ ನೀರಿರಲಿಲ್ಲ. ಒಮ್ಮೆ ಒಡೆದ ಜೇಡಿ ಹೂಳಿನೊಂದಿಗೆ ಬೆರೆತು ತನ್ನ ಹಿಡಿತ ಕಳೆದುಕೊಂಡಿತ್ತು. ಆ ಸಂಜೆ ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ಕುಳಿತಿದ್ದೆ. ಅಡುಗೆಯಾಕೆ ಖಾಲಿ ಕೊಡ ಹಿಡಿದು ಮಾಳದ ಕಡೆಗೆ ಹೊರಟವಳು ನಿಂತಳು.

"ನಿನ್ನ ಮನಿ ಮಾಳಗಿ ಸೋರಿದ್ರ ಏನ್ ಹಾಕ್ತಿ?"

"ಹಾಳೂರ ಮಣ್ಣು."

"ಮತ್ತ?"

ಅವಳು ಹೊರಟುಹೋದಳು. ನಮ್ಮ ಕಡೆಯ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಪ್ರತಿವರ್ಷ ಮಳೆಗೆ ಮುನ್ನ, ಜನ ಬಿಟ್ಟುಹೋದ ಹಳೆಯ ಊರಿನ ದಿಬ್ಬದಿಂದ ಬಿಳಿ ಮಣ್ಣು ತಂದು, ಹೊಟ್ಟು ಕಲಸಿ, ತೆಳುವಾಗಿ ಹರವಿ, ಮರದ ಕೊಡತಿಯಿಂದ ಬಡಿದು ಕೂಡಿಸುತ್ತಾರೆ. ಆಮೇಲೆ ಒಂದು ಹನಿಯೂ ಕೆಳಗಿಳಿಯುವುದಿಲ್ಲ. ತಲೆಯ ಮೇಲಿನ ನೀರನ್ನು ತಡೆಯುವ ಮಣ್ಣು ಕಾಲಡಿಯ ನೀರನ್ನೂ ತಡೆಯಬಹುದಲ್ಲ.

ಹಾಳೂರಿನ ದಿಬ್ಬವಿದ್ದದ್ದು ಒಬ್ಬ ಹಿರಿಯ ರೈತರ ಹೊಲದಲ್ಲಿ. ಇಂಗುಕೆರೆಗೆ ಜಾಗ ಬಿಟ್ಟುಕೊಟ್ಟವರು ಅವರ ತಂದೆ. ಬೇಳೆಯ ಪರೀಕ್ಷೆಯ ಸುದ್ದಿ ನನಗಿಂತ ಮೊದಲೇ ಅವರ ಮನೆ ಮುಟ್ಟಿತ್ತು.

"ಊರು ಕುಡಿಯೂದು ನನ್ನ ಹೊಲದ ನೀರಂತ ನಮ್ಮ ಅಪ್ಪ ಸಾಯೂತನ ಅಂದಾನ. ನೀ ಏನು ನಾಲ್ಕ್ ಗಡಗಿ ಇಟ್ಟು ಅದನ್ನ ಸುಳ್ಳ ಮಾಡ್ದೆಂತ?"

"ಕೆರಿ ಕೆಳಗಿನ ಬಾವಿ ಎಷ್ಟೋ ಹೊಲಕ್ಕ ನೀರ ಕೊಡಾಕತ್ತಾವ್ರಿ ಮಾಲಕ್ರ. ಅದು ನಿಮ್ಮ ಅಪ್ಪಾರದೇ ಪುಣ್ಯ. ವರ್ತಿ ನೀರ ಅಷ್ಟೇ ಬ್ಯಾರೆ."

ಅವರು ಎದ್ದು ಅಂಗಳದ ಅಂಚಿಗೆ ಬಂದು ದಿಬ್ಬದ ಕಡೆ ಕೈ ತೋರಿಸಿದರು. "ಮಣ್ಣ ಒಯ್ರಿ. ಖರೆ, ಅಪ್ಪನ ಮಾತ ಸುಳ್ಳಂತ ಊರ ತುಂಬ ಹೇಳಬ್ಯಾಡ."

"ಕೇಳಿದ್ರ ಹೇಳ್ತೀನ್ರಿ. ಕೇಳ್ದಿದ್ರ ಇಲ್ಲ."

"ಭಾರಿ ಜಿದ್ದಿ ಇದ್ದಿ" ಎಂದು ಅವರು ನಕ್ಕರು. ಮರುದಿನ ಮಣ್ಣಿನೊಂದಿಗೆ ತಮ್ಮ ಎತ್ತಿನ ಗಾಡಿಯನ್ನೂ ಕಳಿಸಿದರು.

ಗುಂಡಿಯನ್ನು ಮತ್ತೆ ಕಲ್ಲಿನವರೆಗೆ ತೆಗೆದೆವು. ಸೀಳುಗಳಿಗೆ ಹೊಟ್ಟು ಕಲಸಿದ ಮಣ್ಣನ್ನು ಕೈಯಿಂದ ತುರುಕಿದೆವು. ಅದರ ಮೇಲೆ ನಾಲ್ಕು ಬೆರಳು ದಪ್ಪದ ಪದರ, ನೀರು ಚಿಮುಕಿಸಿ ತುಳಿತ, ಕೊಡತಿಯ ಬಡಿತ. ಪದರ ಅರೆಬರೆ ಆರಿದ ಮೇಲೆ ಮತ್ತೊಂದು. ಬೇಗ ಮುಗಿಸಬೇಕೆಂದು ಒಮ್ಮೆ ದಪ್ಪ ಹಾಕಿದೆವು; ಅದು ಬಿರಿಯಿತು, ಕಿತ್ತು ಹಾಕಬೇಕಾಯಿತು. ಹನ್ನೆರಡು ಬೆಳಗು ಹಿಡಿಯಿತು. ಕೊನೆಗೆ ಇಪ್ಪತ್ತು ಕೊಡ ನೀರು ಸುರಿದಾಗ ಅದು ಸಂಜೆಯವರೆಗೂ ಅಲ್ಲಾಡದೆ ನಿಂತಿತು. ಮೇಲೆ ಮರಳು ಹರವಿ, ಕಡಿದುಹಾಕಿದ್ದ ಆಪಿನ ಗೆಡ್ಡೆಗಳಲ್ಲಿ ಜೀವವಿದ್ದವನ್ನು ಆರಿಸಿ ನೆಟ್ಟೆವು. ಸಾಕ್ಷಿಯ ಕಂಬವನ್ನು ಕೆಡವಲು ನಾನು ಬಿಡಲಿಲ್ಲ. ಅದರ ತಲೆ ಇವತ್ತಿಗೂ ಮರಳಿನಿಂದ ಒಂದಿಷ್ಟು ಮೇಲೆ ಕಾಣುತ್ತದೆ.

ಆ ಬೇಸಿಗೆ ನೀರು ಬರಲಿಲ್ಲ. ಉಳಿದ ವರ್ತಿಗಳೂ ಹೋಳಿಯ ಹೊತ್ತಿಗೆ ಬತ್ತಿದವು. ಶಾಲೆಗೆ ರಜೆ ಬೀಳುವವರೆಗೆ ಅಡುಗೆಯಾಕೆ ಮಾಳದ ಒಸರಿಗೆ ಹೋಗಿ, ಹನಿ ಹನಿ ತುಂಬಿಸಿಕೊಂಡು, ಬೇಳೆಗೆ ಮಾತ್ರ ಸಾಲುವಷ್ಟು ನೀರು ತಂದಳು. ವಾರಕ್ಕೆ ಮೂರು ದಿನ ಅವಳ ಬದಲು ನಾನು ಹೋದೆ. ನನ್ನನ್ನು ಕಂಡಾಗ ಮುಖ ತಿರುಗಿಸಿಕೊಂಡ ಹೆಂಗಸರಿದ್ದರು. ಅವರನ್ನು ದೂರಲಾರೆ.

ಮಳೆಗಾಲ ಬಂತು, ಹೋಯಿತು. ಮುಂದಿನ ಸಂಕ್ರಾಂತಿ ಮುಗಿದ ಮೇಲೆ ನೇರಳೆಯ ತಿರುವಿನಲ್ಲಿ ಹಳೆಯ ಜಾಗದಲ್ಲಿಯೇ ವರ್ತಿ ತೋಡಿದೆವು. ಒಣ ಮರಳು. ಇನ್ನಷ್ಟು ತೋಡಲು ನನಗೆ ಕೈ ಬರಲಿಲ್ಲ. ತಳ ಮುಟ್ಟಿಬಿಟ್ಟರೆ ಎಂಬ ಭಯ. ಏಡಿ ಹಿಡಿಯುವವನು ದಂಡೆಯ ಗುಂಟ ನಡೆದು, ಹತ್ತು ಹೆಜ್ಜೆ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಇಲ್ಲಿ ತೋಡಕ್ಕಾ. ಹಸಿ ಬಿಲ ಅದ. ಏಡಿಗಿ ಮಾಲೂಮ್ ಇರ್ತದ."

ಈ ಸಲ ನಾನು ಅವನಿಗೆ ಗುದ್ದಲಿ ಹಿಡಿಯೆಂದು ಹೇಳಲಿಲ್ಲ. ನಾನೇ ಹಿಡಿದೆ. ಒಂದೂವರೆ ಮೊಳಕ್ಕೆ ಮರಳು ಬಣ್ಣ ಬದಲಾಯಿಸಿತು, ಆಮೇಲೆ ಗುಂಡಿಯ ಪಶ್ಚಿಮದ ಮೈ ಬೆವರಿತು, ಆಮೇಲೆ ನೀರು. ಮೇಲಿನ ಓಣಿಗಳ ವರ್ತಿಗಳಲ್ಲಿ ಆಗಲೇ ನೀರು ಬತ್ತತೊಡಗಿತ್ತು. ಎರಡು ದಿನಗಳ ಮೇಲೆ ಆ ಓಣಿಗಳ ಹೆಂಗಸರು ನಮ್ಮ ವರ್ತಿಯ ದಂಡೆಗೆ ಬಂದರು. ಕೊಡಗಳ ಸಾಲು ಉದ್ದವಾಯಿತು.

ಈಗ ಊರಿನಲ್ಲಿ ಹೇಳುವ ಕತೆ ಇದು: ಆಯಿ ಬೇಳೆ ಕುದಿಸಿ ನೀರಿನ ದಾರಿ ಕಂಡುಹಿಡಿದಳು, ಹಳ್ಳಕ್ಕೆ ಮಾಳಿಗೆ ಹಾಕಿ ನೀರು ತಂದಳು. ನಾನು ಒಪ್ಪುವುದಿಲ್ಲ. ಆ ವರ್ಷ ಮಳೆ ಚೆನ್ನಾಗಿತ್ತು. ಮಾಳದ ಮೇಲೆ ಕಲ್ಲೊಡ್ಡುಗಳಿದ್ದವು. ಆಪು ತಿರುಗಿ ಬೆಳೆದು ಹೊಸ ಹೂಳನ್ನು ಹಿಡಿದಿತ್ತು. ನಾವು ಬಡಿದ ಮಣ್ಣಿನ ಪಾಲು ಇದರಲ್ಲಿ ಎಷ್ಟು ಎಂಬುದನ್ನು ಹೇಳಲು ಇನ್ನೂ ಕೆಲವು ಬೇಸಿಗೆಗಳ ಅಳತೆ ಬೇಕು. ಅದರಲ್ಲಿ ಒಂದಾದರೂ ಮಳೆ ಕಡಿಮೆಯಾದ ವರ್ಷವಾಗಿರಬೇಕು. ಪ್ರತಿ ಅಮಾವಾಸ್ಯೆಗೆ ಹಗ್ಗ ಇಳಿಸಿ ಗಂಟು ಎಣಿಸಿ ಬರೆಯುತ್ತಿದ್ದೇನೆ.

ನೀರು ಬಂದ ಮೊದಲ ವಾರ ಶಾಲೆಯ ಅಂಗಳದಲ್ಲಿ ನಿಂತು ಅಡುಗೆಯಾಕೆಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದರು. ಅವಳು ಕೇಳುತ್ತಲೇ ಒಂದು ತಟ್ಟೆಗೆ ಅನ್ನ ಹಾಕಿ, ಮೇಲೆ ಬೇಳೆ ಸುರಿದು, ನನ್ನ ಕೈಗೆ ಕೊಟ್ಟಳು.

"ಒಂದೇ ವರ್ಷದ್ದು ನೋಡಿ ನಂಬಾಕ ಆಗಲ್ಲ" ಎಂದೆ.

"ನೀ ನಂಬಬ್ಯಾಡ ಯಕ್ಕಾ. ಮದಲ ಉಣ್ಣು."

ಎರಡು ಬೆರಳಿನ ನಡುವೆ ಒಂದು ಕಾಳು ಹಿಡಿದು ಹಿಸುಕಲು ನೋಡಿದೆ. ಹಿಡಿಯಲು ಕಾಳೇ ಉಳಿದಿರಲಿಲ್ಲ. ಮಕ್ಕಳ ಸಾಲಿನ ಕೊನೆಯಲ್ಲಿ ಕುಳಿತು ಉಂಡೆ.